ಫೋಟೋದ ಕೆಳಗಿನ ಹೆಸರು

ಯಲಬುರ್ಗಾದ ಪತ್ರಿಕಾ ಛಾಯಾಗ್ರಾಹಕ ಗಾಳೆಪ್ಪ ಸೋಮವಾರ ಸಂಜೆ ಎದೆನೋವಿನಿಂದ ತೀರಿಕೊಂಡ. ಅವನಷ್ಟು ನಿಧಾನದ ಛಾಯಾಗ್ರಾಹಕ ಕೊಪ್ಪಳ ಜಿಲ್ಲೆಯಲ್ಲೇ ಇರಲಿಲ್ಲ. ಯಾರ ಎದುರು ಕ್ಯಾಮೆರಾ ಹಿಡಿದರೂ ಮೊದಲು, “ಹೆಂಗ ಕಾಣಬೇಕ್ರಿ ನೀವು?” ಎಂದು ಕೇಳುತ್ತಿದ್ದ. ಅವರು ರುಮಾಲು ಸುತ್ತಿಕೊಂಡು, ಎತ್ತಿನ ಮೈ ತೊಳೆದು ಬರುವಷ್ಟರಲ್ಲಿ ಇವನದು ಎರಡು ಚಹಾ ಮುಗಿದಿರುತ್ತಿತ್ತು. “ನಿಮ್ಮ ಕಡೆಯವರ ಮುಖದಲ್ಲಿ ಕಷ್ಟವೇ ಕಾಣಲ್ವಲ್ಲ” ಎಂದು ಕಚೇರಿಯವರು ಗೊಣಗಿದರೆ, “ಅವರು ನಗಾಕತ್ತಿದ್ರು ಸರ, ನಾ ಏನ್ ಮಾಡ್ಲಿ” ಎನ್ನುತ್ತಿದ್ದ. ಪ್ರತಿ ಚಿತ್ರದ ಜೊತೆ ಹೆಸರು, ಊರು, ಮಾಡುತ್ತಿದ್ದ ಕೆಲಸ ಬರೆದು ಕಳಿಸುತ್ತಿದ್ದ. ಹೆಸರಿನ ಬದಲು ‘ಒಬ್ಬ ಮಹಿಳೆ’ ಎಂದು ಅಚ್ಚಾದರೆ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ಪತ್ರಿಕೋದ್ಯಮ ಕಲಿಸುವ ಗೆಳೆಯ ಸಿದ್ದಲಿಂಗೇಶ ಮಾಧ್ಯಮ ಮತ್ತು ಪ್ರಾತಿನಿಧ್ಯದ ಕುರಿತ ದಪ್ಪ ಪುಸ್ತಕವೊಂದನ್ನು ಕೊಟ್ಟಾಗ, ಪೂರ್ತಿ ಓದಿ ಹಿಂತಿರುಗಿಸಿದ: “ಛಲೋ ಐತಿ. ಆದ್ರ ಮುದಕಮ್ಮ ಇದನ್ನ ಒಂದ ಮಾತಿನಾಗ ಹೇಳ್ಯಾಳ.” 1998ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇವೂರಿನ ಮುದಕಮ್ಮ ಕೊಡ ಹೊತ್ತು ಬರುವುದನ್ನು ಏನೂ ಕೇಳದೆ ತೆಗೆದು, ‘ಬರ: ನೀರಿಗಾಗಿ ಅಲೆದಾಟ’ ಎಂದು ಬರೆದು ಕಳಿಸಿದ್ದ. ಆಕೆ ಪತ್ರಿಕೆ ಹಿಡಿದುಕೊಂಡು ಅವನ ಮನೆಗೇ ಬಂದಳು. “ಅದು ನನ್ನ ಮಗಳ ಮದಿವ್ಯಾಗ ಮದುಮಕ್ಕಳಿಗೆ ಎರಿಯೋ ಸುರಗಿ ನೀರು, ತಮ್ಮಾ. ಅದನ್ನ ಬರ ಅಂದಿ. ಬೀಗರು ಓದ್ಯಾರ.” ಆ ಪತ್ರಿಕೆಯ ತುಣುಕು ಕೊನೆಯವರೆಗೂ ಅವನ ಕ್ಯಾಮೆರಾ ಚೀಲದಲ್ಲಿತ್ತು. ಸೋಮವಾರ ಮಧ್ಯಾಹ್ನ ಅವನು ಮತ್ತೆ ಬೇವೂರಿಗೆ ಹೋಗಿ, ಮುದಕಮ್ಮ ರೇಷ್ಮೆ ಸೀರೆ ಉಟ್ಟು ಕೊಡ ಹೊತ್ತು ಬರುವವರೆಗೆ ಕಾದು, ಒಂದು ಚಿತ್ರ ತೆಗೆದು, ಕೆಳಗೆ ಹೀಗೆ ಬರೆದು ಕಚೇರಿಗೆ ಕಳಿಸಿದ: ‘ಬೇವೂರಿನ ಮುದಕಮ್ಮ ಮೊಮ್ಮಗಳ ಮದುವೆಯ ಸುರಗಿಗೆ ನೀರು ತರುತ್ತಿರುವುದು.’