ಮಾದಪ್ಪನವರ ಕೊಂಡಿಗಳು

ಯಾವ ಊರಿಗೆ ಕಾಲಿಟ್ಟರೂ ಮಾದಪ್ಪನವರು ಮೊದಲು ತಲೆಯೆತ್ತಿ ಕರೆಂಟ್ ಕಂಬ ನೋಡುತ್ತಿದ್ದರು, ಮನುಷ್ಯರನ್ನು ಆಮೇಲೆ. ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು. ಒಮ್ಮೆ ಶಾಕ್ ಹೊಡೆದು ಬಲಗೈಯ ಎರಡು ಬೆರಳು ಮಡಚಲು ಬಾರದಂತಾಗಿದ್ದವು. ನಮ್ಮ ಮನೆಗೆ ಬಂದಾಗ ಕಂಪ್ಯೂಟರಿನಲ್ಲಿ ತೋರುಬೆರಳೊಂದರಿಂದಲೇ ಅಕ್ಷರ ಕುಟ್ಟುತ್ತಿದ್ದರು. ಕುಟ್ಟುವ ಸದ್ದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಅವರದು ಗಾವಡಗೆರೆ. ನಾನು ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಅವರಿಗೆ ಕೆರೆಗಳ ಹುಚ್ಚು ಹಿಡಿದಿತ್ತು. ಊರೂರು ಸುತ್ತಿ ಕೆರೆಯ ಏರಿ, ನೀರು ಬಿಡುವ ತೂಬು, ಕೋಡಿ, ನೀರು ಹಂಚುವ ನೀರುಗಂಟಿಯ ಮನೆತನ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಪೇಟೆಯ ಅಂಗಡಿಯೊಂದರಲ್ಲಿ ಜಾಲತಾಣ ಮಾಡಿಸಿ ಅದರಲ್ಲಿ ಹಾಕುತ್ತಿದ್ದರು.

"ನೀವು ಏರಿ ಮೇಲೆ ನಿಂತ್ಕಂಡು ನೀರ್ ನೋಡ್ತೀರಿ ಮೇಷ್ಟ್ರೇ. ನಾನು ಕಂಬದ್ ಮೇಲಿಂದ ಕೆರೆ ಎಲ್ಲೆಲ್ಲಿ ಕಳ್ದೋಗದೆ ಅಂತ ನೋಡಿವ್ನಿ ಕಣ್ರೀ," ಎನ್ನುತ್ತಿದ್ದರು.

ಒಂದು ಸಲ ನನ್ನನ್ನೂ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಅಲ್ಲಿ ಕೆರೆಯೆಲ್ಲಿ ಎಂದು ಕೇಳಿದರೆ ಜನ ನಕ್ಕರು. ಕೆರೆಯಿದ್ದ ಜಾಗದಲ್ಲಿ ಮನೆಗಳೆದ್ದಿದ್ದವು. ಮಾದಪ್ಪನವರು ಅರ್ಧ ದಿನ ಸುತ್ತಿ, ಮನೆಯೊಂದರ ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡಿದ್ದ ತೂಬಿನ ಕಲ್ಲು ಹುಡುಕಿದರು. ಬಾಟಲಿಯ ನೀರು ಸುರಿದು, ಸೋಪಿನ ಕಲೆಯನ್ನು ಟವೆಲಿನಿಂದ ಒರೆಸಿ, ಆ ಮನೆಯ ಮುದುಕಿಯನ್ನು ಕೂರಿಸಿಕೊಂಡು ತೂಬಿನ ಹೆಸರು ಕೇಳಿದರು. "ಸಣ್ತೂಬು ಕಣಪ್ಪ," ಎಂದಳು ಆಕೆ. ಆ ಹೆಸರನ್ನು ಆಕೆಯ ಬಾಯಿಂದ ಮೂರು ಸಲ ಹೇಳಿಸಿಕೊಂಡರು. ಮುಂದಿನ ಸಲ ಆ ಕಡೆ ಹೋದಾಗ ಆಕೆ ಬದುಕಿರಲಿಲ್ಲವಂತೆ.

ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶಕ್ಕೆ ನಾನು ಬಹಳ ವರ್ಷಗಳಿಂದ ಬರೆಯುತ್ತಿದ್ದೆ, 'ಹೊಂಗೆ ನೆರಳು' ಎಂಬ ಹೆಸರಿನಲ್ಲಿ. ಆ ಹೆಸರು ನನ್ನದೆಂದು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ತಿದ್ದುವುದು ಹೇಗೆಂದು ಮಾದಪ್ಪನವರಿಗೆ ತೋರಿಸಿಕೊಟ್ಟವನು ಮಾತ್ರ ನಾನೇ.

ಕಲಿತವರು ಸುಮ್ಮನಿರಲಿಲ್ಲ. ತಾವು ಸುತ್ತಿದ ಒಂದೊಂದು ಊರಿನ ಪುಟಕ್ಕೂ ಹೋಗಿ, ಕೆಳಗೆ ತಮ್ಮ ಜಾಲತಾಣದ ಕೊಂಡಿ ಅಂಟಿಸಿದರು. "ನನ್ ಸೈಟ್ ಯಾರ್ ನೋಡ್ತಾರೆ ಮೇಷ್ಟ್ರೇ? ಊರಿನ್ ಹೆಸ್ರು ಒತ್ತಿದ್ರೆ ಮೊದ್ಲು ಬರೋದೇ ಆ ವಿಶ್ವಕೋಶ. ಅಲ್ಲಿಗೆ ಬಂದೋರು ಅಂಗೇ ನಮ್ ಕೆರೆಗೂ ಬರ್ಲಿ ಬುಡಿ." ಉತ್ಸಾಹದಲ್ಲಿ 'ನೀರು', 'ಮೀನು' ಎಂಬ ಪುಟಗಳಿಗೂ ಅಂಟಿಸಿಬಿಟ್ಟಿದ್ದರು.

ಸ್ವಂತ ತಾಣದ ಕೊಂಡಿಯನ್ನು ಹಾಗೆ ತಾವೇ ಹಾಕುತ್ತ ಹೋಗುವುದಕ್ಕೆ ಅಲ್ಲಿ ಅವಕಾಶವಿಲ್ಲ. ನಿಯಮ ತಪ್ಪೇನಲ್ಲ, ಕಾಕನಕೋಟೆಯ ಪುಟದಿಂದ ರೆಸಾರ್ಟುಗಳ ಜಾಹೀರಾತನ್ನು ನಾನೇ ಎಷ್ಟೋ ಸಲ ಕಿತ್ತಿದ್ದೆ. ಒಂದು ಮಧ್ಯಾಹ್ನ ಕೂತು ಮಾದಪ್ಪನವರ ಕೊಂಡಿಗಳನ್ನೂ ಒಂದೊಂದಾಗಿ ಕಿತ್ತೆ. ಪ್ರತಿಯೊಂದಕ್ಕೂ 'ಸ್ವಂತ ಪ್ರಚಾರ' ಎಂದು ಕಾರಣ ಬರೆದೆ. ನನ್ನ ಮನೆಯಿಂದ ಗಾವಡಗೆರೆಗೆ ಫೋನ್ ಮಾಡಿ ಹೇಳಬಹುದಿತ್ತು. ಮಾಡಲಿಲ್ಲ.

ಆ ಭಾನುವಾರ ಅವರು ಬಂದವರೇ ಹೇಳಿದರು, "ಯಾವನೋ ಒಬ್ಬ ಹೊಂಗೆ ನೆರಳು ಅಂತೆ. ನನ್ ಬೆನ್ನಿಗ್ ಬಿದ್ದವ್ನೆ. ಪ್ರಚಾರ ಅಂತಾನಲ್ಲ, ನಾನೇನ್ ಎಲೆಕ್ಷನ್‌ಗೆ ನಿಂತಿದ್ದೀನಾ? ಒಂದ್ ಕೆರೆನಾರ ಕಂಡವ್ನಾ ಅವ್ನು?"

"ಅಂಥವರು ಇರ್ತಾರೆ ಮಾದಪ್ಪನೋರೆ," ಎಂದೆ ನಾನು. ಹೆಂಡತಿ ಕಾಫಿ ತಂದಿಟ್ಟಳು. ಅವರು ಇನ್ನಷ್ಟು ಬೈದರು. ನಾನು ಹೌದು ಹೌದು ಎನ್ನುತ್ತ ಕೂತಿದ್ದೆ.

ಅವರು ಮತ್ತೆ ಹಾಕಿದರು, ನಾನು ಮತ್ತೆ ತೆಗೆದೆ. ಮೂರನೆಯ ಸಲ ಅವರ ಖಾತೆಯನ್ನು ತಡೆಹಿಡಿಯಬೇಕೆಂದು ಮೇಲಿನವರಿಗೆ ಬರೆದವನೂ ನಾನೇ. ತಡೆದರು.

ಕೆಲವು ತಿಂಗಳ ಮೇಲೆ ಪತ್ರಿಕೆಯೊಂದರಲ್ಲಿ ನಮ್ಮ ಸೀಮೆಯ ಕೆರೆಗಳ ಬಗ್ಗೆ ಅರ್ಧ ಪುಟದ ಲೇಖನ ಬಂತು. ಓದುತ್ತಿದ್ದಂತೆಯೇ ಗೊತ್ತಾಯಿತು, ಎಲ್ಲವೂ ಮಾದಪ್ಪನವರದು. ಹಿತ್ತಲಿನ ಕಲ್ಲು, ಮುದುಕಿಯ ಮಾತು, ಒಂಟಿ ಬೆರಳು ಮಾಡಿದ್ದ ಕಾಗುಣಿತದ ತಪ್ಪು ಸಹ ಹಾಗೇ ಇತ್ತು. ಅವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಯಾರೋ ಆ ಲೇಖನವನ್ನು ವಿಶ್ವಕೋಶದ ಪುಟಗಳಿಗೆ ಆಧಾರವಾಗಿ ಸೇರಿಸಿದರು. ಪತ್ರಿಕೆ ಎಂದರೆ ನಂಬಲರ್ಹ ಆಕರ. ನಾನು ಅದನ್ನು ಉಳಿಸಿದೆ. ಅಡಿಟಿಪ್ಪಣಿಯ ರೂಪವನ್ನೂ ನೇರ್ಪಡಿಸಿದೆ. ಇದು ಕದ್ದ ಬರಹವೆಂದು ಚರ್ಚೆಯ ಪುಟದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದಿದ್ದರೆ, ನಿನಗೆ ಹೇಗೆ ಗೊತ್ತು, ಅವರು ನಿನಗೇನಾಗಬೇಕು ಎಂದು ಅಲ್ಲಿನವರು ಕೇಳುತ್ತಿದ್ದರು.

ಮಾದಪ್ಪನವರು ಪತ್ರಿಕೆ ಹಿಡಿದುಕೊಂಡು ಬಂದರು. ಕೂಗಾಡಲಿಲ್ಲ.

"ನನ್ ಮಾತು ನನ್ ಬಾಯಲ್ ಬಂದ್ರೆ ಪ್ರಚಾರ. ಪೇಪರ್ನೋರ್ ಬಾಯಲ್ ಬಂದ್ರೆ ಆಧಾರ. ಇದ್ಯಾವ್ ನ್ಯಾಯ ಮೇಷ್ಟ್ರೇ?"

ಆಗ ಬಾಯಿಬಿಟ್ಟೆ. "ಹೊಂಗೆ ನೆರಳು ನಾನೇ, ಮಾದಪ್ಪನೋರೆ."

ಅವರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿದರು. ನಿಯಮದ ಬಗ್ಗೆ ನಾನು ಏನೇನೋ ಹೇಳತೊಡಗಿದಾಗ ಕೈಯೆತ್ತಿ ತಡೆದರು.

"ರೂಲ್ಸು ಇರ್ಲಿ ಬುಡಿ. ನಮ್ ಇಲಾಖೇಲೂ ಇದ್ವು. ನಿಮ್ ಮುಂದೇನೇ ಕೂತ್ಕಂಡು ಅವ್ನ್ನ ಬೈದಿವ್ನಿ. ನೀವೂ ಔದು ಅಂದ್ರಿ ಕಣ್ರೀ."

ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾನೂ ಹೋಗಲಿಲ್ಲ. ಇವತ್ತು ನಾಳೆ ಎನ್ನುತ್ತ ಎರಡು ವರ್ಷ ಕಳೆದವು.

ಅವರು ತೀರಿಕೊಂಡ ಸುದ್ದಿ ತಿಥಿಯೆಲ್ಲ ಮುಗಿದ ಮೇಲೆ ಸಿಕ್ಕಿತು. ಅಂದೇ ಅವರ ಜಾಲತಾಣ ತೆರೆಯಲು ಹೋದೆ, ತೆರೆಯಲಿಲ್ಲ. ಮರುದಿನ ಗಾವಡಗೆರೆಗೆ ಹೋದೆ. ಮಗಳು ಗಿರಿಜಾ ಕುರ್ಚಿ ಕೊಟ್ಟಳು. ತಾಣದಲ್ಲಿದ್ದ ಬರಹಗಳನ್ನು ಕೊಟ್ಟರೆ ಎಲ್ಲಾದರೂ ಉಳಿಸಬಹುದು, ಅವರ ಹೆಸರಿನಲ್ಲೇ, ಎಂದೆ.

"ಅಪ್ಪನೇ ಅಳ್ಸಾಕ್ಬುಟ್ರು ಸಾರ್," ಎಂದಳು. "ನಿಮ್ಮನೆಯಿಂದ ಬಂದ್ ದಿವ್ಸಾನೇ. ಬರ್ಕಂಡಿದ್ದ ಪುಸ್ತಕಗಳ್ನೂ ನೀರೊಲೆಗೆ ಹಾಕುದ್ರು. ನಾನು ಬ್ಯಾಡ ಅಂದೆ. ಎಲ್ಲ ಪೇಪರಲ್ ಬಂದದಲ್ಲ, ಸಾಕು ಬುಡವ್ವ ಅಂದ್ರು."

ಪತ್ರಿಕೆಯಲ್ಲಿ ಬಂದಿದ್ದು ನಾಲ್ಕು ಕೆರೆ. ಅವರು ಬರೆದಿದ್ದು ಮೂರು ತಾಲ್ಲೂಕು. ಉಳಿದ ಕೆರೆಗಳ ತೂಬಿನ ಹೆಸರುಗಳನ್ನು ಇನ್ನು ಯಾರನ್ನು ಕೇಳಬೇಕೆಂದು ನನಗೆ ಗೊತ್ತಿಲ್ಲ.