ಕೀಗನ್ ಮೇಳದಲ್ಲಿ ಅಪ್ಪ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಬ್ರಾಂಕ್ಸ್‌ನ ನಮ್ಮ ಕಟ್ಟಡದಲ್ಲಿ ಸಾರಿಗೆ ಒಗ್ಗರಣೆ ಹಾಕುವ ಮನೆ ನಮ್ಮದೊಂದೇ. ಉಳಿದ ಮನೆಗಳಿಂದ ಬೇಯಿಸಿದ ಎಲೆಕೋಸಿನ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಕೆಳಗಿನ ಮನೆಯವರು ಐರ್ಲೆಂಡಿನಿಂದ ಬಂದ ಕೀಗನ್ ದಂಪತಿ. ಅವರ ಮಗಳು ಮೌರೀನ್, ನಾನು ಒಂದೇ ಕ್ಲಾಸು. ಮೆಟ್ಟಿಲ ಮೇಲೆ ಕೂತು, ನಮ್ಮ ಕಲ್ಲಾಟದಂಥದೇ ಜ್ಯಾಕ್ಸ್ ಆಡುತ್ತಿದ್ದೆವು.

ಕೀಗನ್‌ರದು ಒಂದು ಪುಟ್ಟ ಮೇಳ. ಅವರು ಪಿಟೀಲು, ಮಿಸೆಸ್ ಕೀಗನ್ ಅಕಾರ್ಡಿಯನ್, ಮರದ ಕೊಳಲಿಗೆ ಒಬ್ಬ ಬಸ್ ಡ್ರೈವರ್. ಬೌರಾನ್ ಬಾರಿಸುತ್ತಿದ್ದವನು ಆ ಚಳಿಗಾಲ ಕೆಲಸ ಸಿಕ್ಕಿ ಬಾಸ್ಟನ್‌ಗೆ ಹೊರಟುಹೋದ. ಬೌರಾನ್ ಅಂದರೆ ಮೇಕೆಯ ಚರ್ಮ ಬಿಗಿದ ದೊಡ್ಡ ಖಂಜಿರದಂಥದು. ಗಿಡ್ಡ ಕೋಲಿನಿಂದ ಬಾರಿಸುತ್ತಾರೆ.

ಅಪ್ಪ ಮೈಸೂರಿನ ಕಛೇರಿಗಳಲ್ಲಿ ಮೃದಂಗ ನುಡಿಸಿದವರು. ಇಲ್ಲಿಗೆ ಮೃದಂಗ ತಂದಿರಲಿಲ್ಲ. ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆಯಲು ಕೆಳಗೆ ಬಂದವರು ಕೀಗನ್‌ರ ಬಾಗಿಲಲ್ಲೇ ನಿಂತು ಮೇಳದ ಅಭ್ಯಾಸ ಕೇಳತೊಡಗಿದರು. ಮಿಸ್ಟರ್ ಕೀಗನ್ ನಗುತ್ತ ಬೌರಾನ್ ಚಾಚಿದರು. ಅಪ್ಪ ಕೋಲನ್ನು ಬದಿಗಿಟ್ಟು ಬೆರಳಲ್ಲೇ ನುಡಿಸಿದರು. ಎಲ್ಲರೂ ಅವರ ಕೈಯನ್ನೇ ನೋಡುತ್ತ ಉಳಿದರು.

"ಅವರ ಜಿಗ್ ಅನ್ನೋ ಕುಣಿತದ ಮಟ್ಟು ಇದೆಯಲ್ಲ, ಅದು ನಮ್ಮ ತಿಶ್ರ ನಡೆನೇ ಕಣೇ," ಎಂದು ಅಪ್ಪ ಊಟದುದ್ದಕ್ಕೂ ಅಮ್ಮನಿಗೆ ವಿವರಿಸಿದರು. ತಟ್ಟೆಯಲ್ಲಿ ಅನ್ನ ಆರಿಹೋಯಿತು. ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಆಮೇಲೆ ಪ್ರತಿ ಭಾನುವಾರವೂ ಅಪ್ಪ ಕೆಳಗೆ. ಮಾರ್ಚ್‌ನಲ್ಲಿ ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಚರ್ಚ್ ಹಾಲ್‌ನಲ್ಲಿ ಮೇಳದ ಕಾರ್ಯಕ್ರಮವಿತ್ತು. ಹಬ್ಬದ ಬಣ್ಣವೆಂದು ಅಪ್ಪ ಹಸಿರು ಟೈ ಕೊಂಡರು. ಅಮ್ಮ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡಳು.

ಹಾಲ್‌ನ ಬಾಗಿಲಲ್ಲೇ ಮಿಸ್ಟರ್ ಕೀಗನ್ ಅಪ್ಪನ ಭುಜ ಹಿಡಿದು ಇಂಗ್ಲಿಷಿನಲ್ಲಿ ಹೇಳಿದರು: "ರಾವ್, ಇವತ್ತು ನೀವು ಫ್ಯಾಮಿಲಿ ಜೊತೆ ಕೂತ್ಕೊಳ್ಳಿ. ನನ್ನದೇನೂ ತಕರಾರಿಲ್ಲ. ಜನ ಐರಿಷ್ ಬ್ಯಾಂಡ್ ನೋಡೋಕೆ ಬಂದಿದ್ದಾರೆ. ನಿಮಗೆ ಅರ್ಥ ಆಗುತ್ತಲ್ಲ."

"ಶೂರ್," ಎಂದರು ಅಪ್ಪ.

ವೇದಿಕೆಯ ಮೇಲೆ ಬೌರಾನ್ ಹಿಡಿದು ಕೂತಿದ್ದವನು ಕೀಗನ್‌ರ ಅಣ್ಣನ ಮಗ. ಮೊದಲ ಜಿಗ್ಗಿಗೇ ತಾಳ ತಪ್ಪಿದ. ಕೊಳಲಿನವನು ಅವನನ್ನು ನೋಡಿ, ಆಮೇಲೆ ನಮ್ಮತ್ತ ನೋಡಿ, ಕಣ್ಣು ತಗ್ಗಿಸಿದ. ಜನ ಅದನ್ನೆಲ್ಲ ಲೆಕ್ಕಿಸದೆ ಕುಣಿದರು. ಅಪ್ಪ ಮಡಚುವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪ್ರತಿ ಸಲವೂ ಚಪ್ಪಾಳೆ ತಟ್ಟಿದರು.

"ಅಪ್ಪ, ವೈ ಆರಂಟ್ ಯು ಪ್ಲೇಯಿಂಗ್?" ಎಂದು ನಾನು ಕೇಳಿದೆ. ಅಪ್ಪ ಹಸಿರು ಟೈ ಸರಿಮಾಡಿಕೊಂಡರು.

ಮನೆಗೆ ನಡೆಯುವಾಗ ಅಮ್ಮ, "ಯಾಕೆ ಅಂತ ಒಂದು ಮಾತು ಕೇಳಬಾರದಿತ್ತೇನ್ರೀ?" ಎಂದಳು.

"ಏನಂತ ಕೇಳ್ಲಿ? ಅವರ ಹಬ್ಬ, ಅವರ ವಾದ್ಯ. ಬಿಡು."

ಮರುದಿನ ಮಿಸೆಸ್ ಕೀಗನ್ ದ್ರಾಕ್ಷಿ ಹಾಕಿದ ಬಿಸಿ ಬ್ರೆಡ್ ತಂದುಕೊಟ್ಟರು. ಅಪ್ಪ ಥ್ಯಾಂಕ್ಸ್ ಹೇಳಿ ತೆಗೆದುಕೊಂಡರು. ಅಮ್ಮ ಅದನ್ನು ಮುಟ್ಟಲಿಲ್ಲ. ಭಾನುವಾರ ಕೆಳಗಿನಿಂದ ಪಿಟೀಲು ಕೇಳಿಬಂದಾಗ ಅಪ್ಪ ಟಿವಿ ಜೋರು ಮಾಡಿದರು. ನಾನೂ ಮೌರೀನ್ ಜೊತೆ ಆಡುವುದು ಬಿಟ್ಟೆ. ಬಿಡು ಎಂದು ಯಾರೂ ಹೇಳಿರಲಿಲ್ಲ.

ಬೇಸಿಗೆಯಲ್ಲಿ ನಾವು ನ್ಯೂಜೆರ್ಸಿಗೆ ಹೋದೆವು. ಎಷ್ಟೋ ವರ್ಷಗಳ ಮೇಲೆ ಅಲ್ಲಿನ ಬ್ರಿಡ್ಜ್‌ವಾಟರ್‌ನ ದೇವಸ್ಥಾನದಲ್ಲಿ ಭಜನೆಯ ಹೊತ್ತು ಯಾರಾದರೂ ಮೃದಂಗ ಮುಂದಿಟ್ಟರೆ ಅಪ್ಪ, "ನನಗೆ ಬರಲ್ಲ," ಎಂದು ಪಕ್ಕದವರತ್ತ ಸರಿಸುತ್ತಿದ್ದರು. ಅವರು ತೀರಿಕೊಂಡಾಗ ನನ್ನ ಮಗ ಬಂದವರಿಗೆಲ್ಲ ಹೇಳುತ್ತಿದ್ದ: "ಅಜ್ಜ ವಾಸ್ ನಾಟ್ ಎ ಮ್ಯೂಸಿಕ್ ಪರ್ಸನ್." ಅವನ ಮಾತು ತಿದ್ದದೆ ನಾನು ಬಂದವರಿಗೆ ಕುರ್ಚಿ ಹಾಕುತ್ತಿದ್ದೆ. ಅಮ್ಮನೂ ಹೋದ ಮೇಲೆ, ಅಪ್ಪ ನುಡಿಸಿದ್ದನ್ನು ಕೇಳಿದವಳು ಮನೆಯಲ್ಲಿ ನಾನೊಬ್ಬಳೇ ಉಳಿದೆ.