ಮಾವನಿಗೆ ಎರಡು ಕಂಡರಾಗದು

ನಮ್ಮ ಸೋದರಮಾವನಿಗೆ ಒಂದೇ ತರಹದ ಎರಡು ವಸ್ತು ಕಂಡರೆ ಮೈಯೆಲ್ಲ ಉರಿ. ಮನೆಯಲ್ಲಿ ಎರಡು ಕತ್ತರಿ ಇದ್ದವು, ಒಂದನ್ನು ಪಕ್ಕದ ಮನೆಗೆ ಕೊಟ್ಟ. ಎರಡು ಕೊಡೆ ಇದ್ದವು, ಒಂದನ್ನು ಮಾರಿದ. ಅಂದಿನಿಂದ ಮಳೆಗಾಲದಲ್ಲಿ ಅತ್ತೆ ಹೊರಗೆ ಹೋದರೆ ಮಾವ ಮನೆಯಲ್ಲಿ ಬಂದಿ, ಮಾವ ಹೋದರೆ ಅತ್ತೆ ಬಂದಿ. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು.

ಬಣ್ಣದ ಕಾರ್ಖಾನೆಯಲ್ಲಿ ಅವನದು ಲೇಬಲ್ ನೋಡುವ ಕೆಲಸ. ಡಬ್ಬಕ್ಕೆ ಅಂಟಿಸುವ ಲೇಬಲ್ ಅಚ್ಚಾಗುವ ಮೊದಲು ಕಂಪ್ಯೂಟರಿನಲ್ಲಿ ಓದಿ ಸರಿ ಅನ್ನಬೇಕು. ಕಣ್ಣು ಮಂದವಾದ ಮೇಲೆ ಕಚೇರಿಯವರು ಒಂದು ಪುಟ್ಟ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದರು. ಪರದೆಯ ಮೇಲಿನ ಬಾಣವನ್ನು ಎಲ್ಲಿಟ್ಟರೆ ಅಲ್ಲಿನ ಅಕ್ಷರ ದೊಡ್ಡದಾಗುತ್ತಿತ್ತು. ಅದಿಲ್ಲದಿದ್ದರೆ ಮಾವನಿಗೆ ಕುರ್ಚಿಯೂ ಇಲ್ಲ. ಸಾಲದ್ದಕ್ಕೆ ಕಾರ್ಖಾನೆಯ ಯಜಮಾನರು ಅದೇ ಕೆಲಸಕ್ಕೆ ಹೊಸಬಳೊಬ್ಬಳನ್ನು ತಂದು ಎದುರು ಮೇಜಿನಲ್ಲಿ ಕೂರಿಸಿದ್ದರು. ಒಂದು ಕೆಲಸಕ್ಕೆ ಇಬ್ಬರು ಯಾಕೆ ಎಂದು ಮಾವ ದಿನವೂ ಗೊಣಗುತ್ತಿದ್ದ.

ಒಂದು ದಿನ ಕಂಪ್ಯೂಟರ್ ತೆವಳತೊಡಗಿತು. ಒಳಗೆ ಏನೇನು ಓಡುತ್ತಿದೆ ಎಂದು ಮಾವ ತೆರೆದು ನೋಡಿದ. ಅಕ್ಷರ ಹಿಗ್ಗಿಸುವ ಸಾಫ್ಟ್‌ವೇರಿನ ಹೆಸರು ಎರಡು ಸಲ ಇತ್ತು. ಒಂದರ ಪಕ್ಕದಲ್ಲಿ ಮೂವತ್ತೆರಡು ಬಿಟ್ ಎಂದಿತ್ತು, ಅಂದರೆ ಹಳೇ ಕಂಪ್ಯೂಟರುಗಳ ಕಾಲದ್ದು. ಹಳೆಯದು ದಂಡಪಿಂಡ ಎಂದು ತೀರ್ಮಾನಿಸಿ ಮುಚ್ಚಿದ. ಮತ್ತೆ ಏಳದಂತೆ ಅದರ ಫೈಲನ್ನೂ ಅಳಿಸಿದ. ಇಮೇಲ್ ತೆರೆದರೆ ಅಕ್ಷರ ಕುಂಬಳಕಾಯಿಯಷ್ಟು ಕಂಡಿತು, ಗೆದ್ದೆ ಅಂದುಕೊಂಡ. ಆದರೆ ಲೇಬಲ್ ಪ್ರೋಗ್ರಾಂ ಹಳೇ ಕಾಲದ್ದು, ಅದರಲ್ಲಿ ಅಕ್ಷರ ಇರುವೆಯಷ್ಟೇ ಉಳಿಯಿತು. ತಪ್ಪನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ಅಂದಾಜಿನ ಮೇಲೆ ಸರಿ, ಸರಿ ಎನ್ನುತ್ತ ಹೋದ. ಕಪ್ಪು ಬಣ್ಣದ ಡಬ್ಬಗಳಿಗೆ ಬಿಳಿ ಎಂದು ಬರೆದ ಲೇಬಲ್ಲಿಗೂ ಸರಿ ಎಂದ.

ಎರಡು ದಿನದ ಮೇಲೆ ಆ ಡಬ್ಬಗಳು ಹೋಗಿದ್ದು, ಬಣ್ಣ ಹೊಡೆಸುತ್ತಿದ್ದ ಯಜಮಾನರ ಮನೆಗೇ. ಸಂಜೆ ಅವರು ಹೋಗಿ ನೋಡಿದರೆ ಹಜಾರವೆಲ್ಲ ಕಗ್ಗಪ್ಪು. ಪೇಂಟರ್ ಎಳ್ಳಷ್ಟೂ ಅಳುಕಲಿಲ್ಲ. ಡಬ್ಬದ ಮೇಲೆ ಬಿಳಿ ಅಂತ ಅಚ್ಚಾಗಿದೆ, ಕಂಪನಿಗಿಂತ ನನಗೆ ಹೆಚ್ಚು ಗೊತ್ತಾ ಎಂದು ವಾದಿಸಿ, ಎರಡನೇ ಕೋಟ್ ಹೊಡೆಯಲು ಏಣಿ ಹತ್ತಿದ. ಒಣಗಿದ ಮೇಲೆ ಬೆಳ್ಳಗಾಗುತ್ತದೆ ಎಂದು ನಂಬಿ ಯಜಮಾನರ ತಾಯಿ ಫ್ಯಾನ್ ಹಾಕಿಕೊಂಡು ಕೂತಿದ್ದರು.

ಮರುದಿನ ಕಂಪ್ಯೂಟರ್ ರಿಪೇರಿಯವಳು ಬಂದು ಎಲ್ಲರೆದುರು ಬಿಡಿಸಿ ಹೇಳಿದಳು. ಅಕ್ಷರ ಹಿಗ್ಗಿಸಬೇಕಾದರೆ ಈ ಸಾಫ್ಟ್‌ವೇರಿನ ಒಂದು ತುಣುಕು ಪ್ರತಿ ಪ್ರೋಗ್ರಾಮಿನ ಒಳಗೂ ಹೋಗಿ ಕೂರಬೇಕು. ಮೂವತ್ತೆರಡು ಬಿಟ್‌ನ ಹಳೇ ಪ್ರೋಗ್ರಾಮಿನೊಳಕ್ಕೆ ಹಳೇ ತುಣುಕಿಗಷ್ಟೇ ಪ್ರವೇಶ, ಅರವತ್ನಾಲ್ಕು ಬಿಟ್‌ನ ಹೊಸ ಪ್ರೋಗ್ರಾಮಿನೊಳಕ್ಕೆ ಹೊಸ ತುಣುಕಿಗಷ್ಟೇ. ಅದಕ್ಕೇ ಎರಡೂ ಓಡುತ್ತಿರಬೇಕು.

ಮಾವ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಹೊಸದಕ್ಕೇ ಎರಡೂ ಕೆಲಸ ಕಲಿಸಿದ್ರೆ ಆಯ್ತಲ್ಲಮ್ಮ?"

"ಅದು ಕಲಿಯೋ ವಿಷಯ ಅಲ್ಲ ಅಂಕಲ್. ಹೊಸದನ್ನ ಹಳೇದರೊಳಗೆ ಎಷ್ಟು ತುರುಕಿದ್ರೂ ಹೋಗಲ್ಲ."

ಯಜಮಾನರ ಉಗುರಿನಲ್ಲಿ ಕಪ್ಪು ಬಣ್ಣ ಇನ್ನೂ ಇತ್ತು. ಅವರು ಬೈಯಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು ಎಂದು ಮಾವ ಆಮೇಲೆ ನನ್ನ ಹತ್ತಿರ ಹೇಳಿದ. ಅವರು ಮಾವನನ್ನೂ ಹೊಸಬಳನ್ನೂ ಒಮ್ಮೆ ನೋಡಿದರು.

"ಒಂದು ಕೆಲಸಕ್ಕೆ ಇಬ್ಬರು ಯಾಕೆ ಅಂತ ಯಾವಾಗ್ಲೂ ಹೇಳೋರು ನೀವೇ. ಈಗ ಇಲ್ಲಿ ಯಾರನ್ನ ಇಟ್ಕೊಳ್ಲಿ, ನೀವೇ ಹೇಳಿ."

ಹೊಸಬಳು ತಲೆ ತಗ್ಗಿಸಿದಳು.

"ಇಬ್ಬರೂ ಇರ್ಲಿ ಸಾರ್" ಎಂದ ಮಾವ. ಆಮೇಲೆ ಅವಳ ಕಡೆ ತಿರುಗಿದ. "ನನಗೆ ಕಣ್ಣು ಕಾಣ್ಸಲ್ಲಮ್ಮ. ನಾನು ಸರಿ ಅಂದಿದ್ದನ್ನ ನೀನೂ ಒಂದ್ಸಲ ನೋಡ್ಬಿಡು."

ಯಜಮಾನರು ಅವಳ ಕುರ್ಚಿಯನ್ನು ಮಾವನ ಮೇಜಿನ ಪಕ್ಕಕ್ಕೆ ಎಳೆದಿಟ್ಟು ಹೋದರು.